ಇನ್ಸುಲಿನ್ ಜೊತೆಗೇ ಆಸ್ಪತ್ರೆ ಕೆಲಸಕ್ಕೆ

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ, ದಿನಾ ಇನ್ಸುಲಿನ್ ಚುಚ್ಚಿಕೊಳ್ಳುತ್ತ, ಆಸ್ಪತ್ರೆ ಕೆಲಸಕ್ಕೆ ಸೇರುವ ಆಸೆ ಇಟ್ಟುಕೊಂಡ ತಮ್ಮ-ತಂಗಿಯರೇ, ಧೈರ್ಯವಾಗಿ ಬನ್ನಿ. ಕಾಯಿಲೆ ಬಲ್ಲವರ ಕೈಯಲ್ಲಿ ರೋಗಿಗೆ ಸಮಾಧಾನ ಹೆಚ್ಚು.

ಆದರೆ ಕೋರ್ಸ್‌ ಫೀ ಕಟ್ಟುವ ಮೊದಲು ಪಾಳಿ ವಿಚಾರಿಸಿ. ವಾರ್ಡಿನ ನರ್ಸಿಂಗ್ ಎಂದರೆ ರಾತ್ರಿ ಪಾಳಿ ಬಂದೇ ಬರುತ್ತದೆ. ಊಟದ ಹೊತ್ತು ಏರುಪೇರಾದರೆ ಇನ್ಸುಲಿನ್ ಲೆಕ್ಕವೂ ತಪ್ಪುತ್ತದೆ. ಲ್ಯಾಬ್, ಔಷಧ ವಿತರಣೆ, ಆಪ್ತಸಮಾಲೋಚನೆಯಲ್ಲಿ ಹಗಲು ಕೆಲಸ ಸಿಗುವುದು ಸುಲಭ. ಹಾವೇರಿಯಲ್ಲಿ 2022ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ಅಲ್ಲಿನ ಟೆಕ್ನಿಷಿಯನ್‌ಗಳನ್ನು ಕಂಡು, ಎಷ್ಟು ಹೊತ್ತು ನಿಂತಿರಬೇಕು, ಊಟಕ್ಕೆ ಯಾವಾಗ ಬಿಡುತ್ತಾರೆ ಎಂದು ಕೇಳಿ. ನಿಮ್ಮ ಡಾಕ್ಟರಿಗೂ ಅದನ್ನೇ ಹೇಳಿ, ಡೋಸ್ ಹೊಂದಿಸಿಕೊಳ್ಳಿ.

ಏಪ್ರನ್ ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಕೈ ನಡುಗಿ ಬೆವರು ಬಂದರೆ ಕೂತು ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಬಿಟ್ಟು ಮತ್ತೆ ನೋಡಿ. ‘ಇದೊಂದು ಸ್ಯಾಂಪಲ್ ಮುಗಿಸಿಬಿಡುತ್ತೇನೆ’ ಎನ್ನಬೇಡಿ. ಜೊತೆಗಿರುವ ಒಬ್ಬರಿಗಾದರೂ ವಿಷಯ ಗೊತ್ತಿರಲಿ, ಇದರಲ್ಲಿ ನಾಚಿಕೆ ಯಾಕೆ?

ರಕ್ತದ ಕೆಲಸವಾದ್ದರಿಂದ ಹೆಪಟೈಟಿಸ್-ಬಿ ಲಸಿಕೆ ಈಗಲೇ ಶುರುಮಾಡಿ. ಮೂರು ಡೋಸ್ ಮುಗಿಯಲು ಸಾಮಾನ್ಯವಾಗಿ ಆರು ತಿಂಗಳು ಬೇಕು. ನಿಮ್ಮಲ್ಲಿ ಕಿಡ್ನಿ ಕಸಿಯೂ ಆದವರು, ಸೋಂಕಿನ ಭಯ ಹೆಚ್ಚಿರುವುದರಿಂದ, ಕ್ಷಯದ ವಾರ್ಡಿನಿಂದ ದೂರವಿರುವ ಕೆಲಸ ಕೇಳಿ ಪಡೆಯಿರಿ.

ಅಂಗವಿಕಲರ ಮೀಸಲಾತಿ ನೆಚ್ಚಿ ಕೈಯಲ್ಲಿರುವ ಕೆಲಸ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ ಇವೆ, ಮಧುಮೇಹ ಇಲ್ಲ.