ಫ್ರಿಜ್ ಕೊಳ್ಳುವ ಮುನ್ನ ಮೀಟರ್ ನೋಡಿ

ಓಡುತ್ತಿದ್ದ ಫ್ರಿಜ್ ತೆಗೆದು 16,500 ರೂಪಾಯಿಗೆ ಹೊಸದು ತಂದಾಗ ಕೊಂಡ್ಲಹಳ್ಳಿಯ ನಮ್ಮ ಓಣಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: 'ಗೃಹಜ್ಯೋತಿ ಇರುವಾಗ ಕರೆಂಟ್ ಉಳಿಸಿ ಏನು ಮಾಡ್ತೀರಿ?' ಉತ್ತರ ಅದಕ್ಕೂ ಮುನ್ನ ಮಾಡಿಸಿದ್ದ ಮನೆಯ ಎನರ್ಜಿ ಆಡಿಟ್‌ನಲ್ಲಿತ್ತು.

ಆಡಿಟ್ ಮಾಡಿದ್ದು ಕ್ಲ್ಯಾಂಪ್ ಮೀಟರ್ ಹಿಡಿದು ಬಂದ ಊರಿನ ಎಲೆಕ್ಟ್ರಿಷಿಯನ್. ಮೊದಲು ಎಲ್ಲ ಸ್ವಿಚ್ ಆರಿಸಿ ಮೀಟರಿನ ಕೆಂಪು ದೀಪ ನೋಡಿದರು. ಆಗಲೂ ಅದು ಮಿನುಗಿದರೆ ವೈರಿಂಗ್‌ನಲ್ಲಿ ಸೋರಿಕೆ ಇರಬಹುದು, ನಮ್ಮಲ್ಲಿ ನಿಂತಿತು. ಆಮೇಲೆ ಒಂದೊಂದೇ ಹಚ್ಚಿ ಅಳೆದರು. ಹಳೇ ಫ್ಯಾನು 75 ವಾಟ್, ಬಿಎಲ್‌ಡಿಸಿ ಫ್ಯಾನಾದರೆ 30ರ ಆಸುಪಾಸು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಫ್ರಿಜ್ ಒಂದನ್ನೇ ಬಿಟ್ಟೆವು. ಮೀಟರ್ 1 ಯೂನಿಟ್ ಓಡಿತ್ತು. ದಿನಕ್ಕೆ 3, ತಿಂಗಳಿಗೆ 90! ಬಾಗಿಲ ರಬ್ಬರು ಬದಲಿಸಿ ನೋಡಿದರೂ ಇಳಿಯಲಿಲ್ಲ, ಕಂಪ್ರೆಸರ್ರೇ ಸೋತಿತ್ತು. ಹೊಸದರ ಸ್ಟಾರ್ ಲೇಬಲ್ ಪ್ರಕಾರ ತಿಂಗಳಿಗೆ ಸುಮಾರು 15.

ಈಗ ಲೆಕ್ಕ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ, 2022-23ರ ನಮ್ಮ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿ ನಮಗೆ ಸಿಕ್ಕಿರುವ ಉಚಿತ ಮಿತಿ 120 ಯೂನಿಟ್. ಅದು ದಾಟಿದರೆ ಹೆಚ್ಚುವರಿಗಷ್ಟೇ ಹಣ. 200 ದಾಟಿದರೆ ಪೂರ್ತಿ ಬಿಲ್. 2025-26ರ ದರ ಯೂನಿಟ್‌ಗೆ 5.80. ತೆರಿಗೆ, ನಿಗದಿತ ಶುಲ್ಕ ಮುಂತಾದವನ್ನು ಬಿಟ್ಟೇ ಹೇಳುತ್ತೇನೆ: 200 ಯೂನಿಟ್‌ಗೆ 80 × 5.80, ಅಂದರೆ 464 ರೂಪಾಯಿ. 201ಕ್ಕೆ 1,165.80. ಆ ಒಂದು ಯೂನಿಟ್ಟಿನ ಬೆಲೆ 701.80! ಬೇಸಿಗೆಯ ನಾಲ್ಕು ತಿಂಗಳು ನಾವು 215 ಉರಿಸುತ್ತಿದ್ದೆವು: 1,247 ರೂಪಾಯಿ. ಹೊಸ ಫ್ರಿಜ್ಜಿನಿಂದ ಉಳಿಯುವ 75 ಯೂನಿಟ್ ಕಳೆದು 140 ಆದರೆ 116. ಉಳಿತಾಯ 1,131. ಮಿಕ್ಕ ಎಂಟು ತಿಂಗಳು 185 ಇದ್ದದ್ದು 110ಕ್ಕೆ ಇಳಿದರೆ 377 ರೂಪಾಯಿ ಸೊನ್ನೆಯಾಗುತ್ತದೆ. ವರ್ಷಕ್ಕೆ 7,540. ಎರಡೂಕಾಲು ವರ್ಷದೊಳಗೆ ಫ್ರಿಜ್ಜಿನ ದುಡ್ಡು ಹುಟ್ಟುತ್ತದೆ.

ಪ್ಲಗ್ಗಿಗೆ ಸಿಕ್ಕಿಸಿದರೆ ಅರ್ಧ ಬಿಲ್ ಇಳಿಯುತ್ತದೆಂದು ಮಾರುವ 'ಪವರ್ ಸೇವರ್' ಡಬ್ಬಿಯನ್ನು ಮಾತ್ರ ದಯವಿಟ್ಟು ಕೊಳ್ಳಬೇಡಿ. ಒಳಗಿರುವುದು ಒಂದು ಕೆಪಾಸಿಟರ್, ಒಂದು ಎಲ್‌ಇಡಿ. ಅದು ಪವರ್ ಫ್ಯಾಕ್ಟರ್ ಸರಿಪಡಿಸಿದರೂ ಮನೆ ಬಿಲ್ ಬರುವುದು ಬಳಸಿದ ಯೂನಿಟ್ಟಿಗೆ, ಪವರ್ ಫ್ಯಾಕ್ಟರಿಗಲ್ಲ. ಸಂತೆಯಲ್ಲಿ ಇದನ್ನು ಕೂಲಿಯವರಿಗೆ ಮಾರುವುದು ಕಂಡರೆ ಮೈ ಉರಿಯುತ್ತದೆ.

ಅಭ್ಯಾಸಗಳ ಮಾತನ್ನೂ ಹೇಳಲೇಬೇಕು. ಬಿಸಿ ಸಾರನ್ನು ಹಾಗೇ ಫ್ರಿಜ್ಜಿಗೆ ಇಡುವುದು, ಟ್ಯಾಂಕ್ ತುಂಬಿ ಹರಿದರೂ ಮೋಟಾರ್ ಆರಿಸದಿರುವುದು, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗುವುದು. ಮಕ್ಕಳಿಗೆ ತಿಂಗಳ ರೀಡಿಂಗ್ ಬರೆಯಲು ಹಚ್ಚಿ. ದೊಡ್ಡವರು ತಾವಾಗಿ ಎಚ್ಚರಾಗುತ್ತಾರೆ. ಇನ್ನು ಬೇಸಿಗೆಯ ಸೆಖೆಯ ಮಾತು. ಹಿಂದಿನ ಕರ್ಲು ಮಣ್ಣಿನ ಮಾಳಿಗೆ ಮನೆಗಳು ತಂಪಾಗಿದ್ದವು. ನಮ್ಮ ಆರ್‌ಸಿಸಿ ತಾರಸಿಗೆ ಬಿಸಿಲೇರುವ ಮುನ್ನ ಸುಣ್ಣ ಬಳಿಸಬೇಕು, ಏ.ಸಿ. ವಿಚಾರ ಅದಾದ ಮೇಲೆ.