ರಾಜ್ಯದ ಅನಿಲ ಲೆಕ್ಕ ಮತ್ತು ನಮ್ಮ ಗೊಬ್ಬರದ ಚೀಲ



ಹೂಮಳೆ ಹೊತ್ತಿಗೆ ಬಾರದಿದ್ದರೆ ಕಾಫಿ ಫಸಲು ಕೈಕೊಡುತ್ತದೆ. ಮುಂಗಾರು ಬಿಡದೆ ಹೊಡೆದರೆ ಅಡಿಕೆಗೆ ಕೊಳೆರೋಗ ತಗಲುತ್ತದೆ. ಆದ್ದರಿಂದ ವಾಯುಗುಣದ ಮಾತು ನಮಗೆ ದೂರದ್ದಲ್ಲ. ಭೂಮಿಯ ಬಿಸಿ ಏರಿಸುವ ಹಸಿರುಮನೆ ಅನಿಲಗಳನ್ನು ತಗ್ಗಿಸಲು ರಾಜ್ಯವು ಯೋಜನೆ ಹಾಕುವುದು ಹೇಗೆ, ಅದರಲ್ಲಿ ನಮ್ಮ ಪಾಲೇನು ಎಂಬುದನ್ನು ಈ ಸಲ ತಿಳಿಯೋಣ.

ಯೋಜನೆಯ ಹಿನ್ನೆಲೆ

ಕೇಂದ್ರ ಸರ್ಕಾರವು 2008ರ ಜೂನ್ 30ರಂದು 8 ಅಭಿಯಾನಗಳುಳ್ಳ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಪ್ರಕಟಿಸಿತು. ಬಳಿಕ ರಾಜ್ಯಗಳೂ ತಮ್ಮ ತಮ್ಮ ಯೋಜನೆ ರೂಪಿಸಬೇಕಾಯಿತು. ಕರ್ನಾಟಕದಲ್ಲಿ ಈ ಕೆಲಸ ಬೆಂಗಳೂರಿನ ಪರಿಸರ ನಿರ್ವಹಣಾ ಮತ್ತು ನೀತಿ ಸಂಶೋಧನಾ ಸಂಸ್ಥೆಯ ಪಾಲಿಗೆ ಬಂತು.

ಇಂಥ ಯೋಜನೆಗೆ ಮೊದಲು ಬೇಕಾದದ್ದು ಜಮಾ-ಖರ್ಚಿನ ಲೆಕ್ಕ. ವಿದ್ಯುತ್, ಸಾರಿಗೆ, ಕೈಗಾರಿಕೆ, ಕೃಷಿ, ಕಸ ಇವುಗಳಿಂದ ಹೊರಟ ಅನಿಲ ಖರ್ಚಿನ ಕಡೆಗೆ. ಮರ ಮತ್ತು ಮಣ್ಣು ಹಿಡಿದಿಟ್ಟದ್ದು ಜಮೆಯ ಕಡೆಗೆ. ಅನಂತರ ಎಲ್ಲಿ ಎಷ್ಟು ತಗ್ಗಿಸಬಹುದೆಂಬ ನಿರ್ಧಾರ. ಪಾವಗಡದ 2050 ಮೆಗಾವಾಟ್ ಸೌರ ಪಾರ್ಕಿನಂಥವು ಕಲ್ಲಿದ್ದಲಿನ ಖರ್ಚನ್ನು ಇಳಿಸುತ್ತವೆ.

ನಮ್ಮ ತೋಟದ ಖಾತೆ

ನೆರಳಿನ ಮರಗಳೇ ನಮ್ಮ ಜಮೆ. ಅವನ್ನು ಕಡಿದು ಸುಟ್ಟರೆ ಹಲವು ವರ್ಷಗಳ ಗಂಟು ಒಮ್ಮೆಗೇ ಕರಗುತ್ತದೆ.

ಖರ್ಚಿನಲ್ಲಿ ಸಾರಜನಕ ಗೊಬ್ಬರ ಮುಖ್ಯ. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು 21 ಕಿಲೋ ಸಾರಜನಕವಿದೆ. ಅದರಲ್ಲಿ ಶೇಕಡಾ 1ರಷ್ಟು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆಂದು ಲೆಕ್ಕ ಹಿಡಿಯುವುದು ವಾಡಿಕೆ. ಮಳೆ ಹೆಚ್ಚಿರುವ ಕಡೆ ಇನ್ನೂ ಹೆಚ್ಚು. ಹೀಗೆ ಹೊರಡುವ ಅನಿಲ ಸುಮಾರು 325 ಗ್ರಾಂ. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಇದರ ಬಿಸಿಯೇರಿಸುವ ಶಕ್ತಿ ಇಂಗಾಲದ ಡೈಆಕ್ಸೈಡಿನ 273 ಪಟ್ಟು. ಅಂದರೆ ಚೀಲವೊಂದಕ್ಕೆ ಸುಮಾರು 89 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ.

ಪಲ್ಪರ್ ನೀರು ಗುಂಡಿಯಲ್ಲಿ ಗಾಳಿಯಾಡದೆ ಕೊಳೆತರೆ ಮೀಥೇನ್ ಏಳುತ್ತದೆ. ಅದನ್ನೇ ಗ್ಯಾಸ್ ಪ್ಲಾಂಟಿನಲ್ಲಿ ಹಿಡಿದರೆ ಒಲೆಗೆ ಉರುವಲು.

ನಾವು ಮಾಡಬೇಕಾದದ್ದು

1. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಗೊಬ್ಬರ ಕೊಡುವುದು.
2. ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡುವುದು. ಜಡಿಮಳೆಯ ಮುನ್ನ ಹಾಕದಿರುವುದು.
3. ಕಾಫಿ ಸಿಪ್ಪೆ, ಅಡಿಕೆ ಸಿಪ್ಪೆಗಳನ್ನು ಸುಡದೆ, ಆಗಾಗ ಮಗುಚಿ ಗೊಬ್ಬರ ಮಾಡುವುದು.
4. ನೆರಳನ್ನು ಹದಮಾಡುವಾಗ ಕೊಂಬೆ ಸವರುವುದು, ಮರ ಉರುಳಿಸದಿರುವುದು.

ರಾಜ್ಯದ ದೊಡ್ಡ ಲೆಕ್ಕದಲ್ಲಿ ಎರಡೆಕರೆ ತೋಟದ ಪಾಲು ಚಿಕ್ಕದು, ನಿಜ. ಆದರೂ ಗಾಳಿಗೆ ಹಾರಿದ ಸಾರಜನಕ ನಾವು ದುಡ್ಡು ಕೊಟ್ಟು ತಂದದ್ದು. ಉಳಿಸಿದ ಒಂದೊಂದು ಚೀಲದ ಲಾಭವೂ ಮೊದಲು ಸೇರುವುದು ನಮ್ಮ ಮನೆಯ ಖಾತೆಗೇ.