ಒಂದು ಸ್ಟಾರ್ ಬಿದ್ದಾಗ ಅಂಗಡಿಕಾರ ಏನು ಮಾಡಬೇಕು?

ಬ್ಯಾಡಗಿಯ ಅಂಗಡಿಯಿಂದ ಕೊರಿಯರ್‌ನಲ್ಲಿ ಡಬ್ಬಿ ಮೆಣಸಿನಕಾಯಿ ಪುಡಿ ತರಿಸಿಕೊಂಡ ದೂರದ ಗ್ರಾಹಕರೊಬ್ಬರು ಗೂಗಲ್‌ನಲ್ಲಿ ಒಂದೇ ಸ್ಟಾರ್ ಒತ್ತಿ, ‘ಖಾರವೇ ಇಲ್ಲ, ಬಣ್ಣ ಬೆರೆಸಿದ ಮಾಲು’ ಎಂದು ಬರೆದರು ಎಂದಿಟ್ಟುಕೊಳ್ಳಿ. ಬಣ್ಣ ಜಾಸ್ತಿ, ಖಾರ ಕಮ್ಮಿ ಎಂಬುದೇ ಬ್ಯಾಡಗಿ ಮೆಣಸಿನಕಾಯಿಯ ಹೆಗ್ಗಳಿಕೆ. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಆದರೆ ಅಂಗಡಿ ಹುಡುಕಿಕೊಂಡು ಬರುವ ಹೊಸಬರಿಗೆ ಇದೇನೂ ಗೊತ್ತಿರುವುದಿಲ್ಲ. ಅವರ ಕಣ್ಣಿಗೆ ಬೀಳುವುದು ಆ ಒಂದು ಸ್ಟಾರ್.

ರಾಣೆಬೆನ್ನೂರಿನ ಬೀಜದ ಅಂಗಡಿ, ರಾಷ್ಟ್ರೀಯ ಹೆದ್ದಾರಿ 48ರ ಪಕ್ಕದ ಲಾಡ್ಜ್, ಖಾನಾವಳಿ, ಹಾವೇರಿಯ ಏಲಕ್ಕಿ ಹಾರದ ಮಳಿಗೆ ಯಾವುದಕ್ಕೂ ಈ ಪಾಡು ತಪ್ಪಿದ್ದಲ್ಲ. ‘ಇದನ್ನ ತೆಗೆಸೋದು ಹೆಂಗ್ರಿ?’ ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಗೂಗಲ್ ತೆಗೆಯುವುದು ತನ್ನ ನಿಯಮ ಮುರಿದ ರಿವ್ಯೂಗಳನ್ನು ಮಾತ್ರ. ಮಾತು ಕಟುವಾಗಿದೆ, ವ್ಯಾಪಾರಕ್ಕೆ ಪೆಟ್ಟು ಬೀಳುತ್ತದೆ ಎಂಬ ಕಾರಣಕ್ಕೆ ತೆಗೆಯುವುದಿಲ್ಲ. ಗ್ರಾಹಕ ಸರಿಯೋ ಮಾಲೀಕ ಸರಿಯೋ ಎಂದು ಅದು ಪಂಚಾಯಿತಿಯನ್ನೂ ಮಾಡುವುದಿಲ್ಲ. ಹಾಗಾಗಿ ತೆಗೆಸಬಹುದಾದದ್ದು ಯಾವುದು, ಉತ್ತರ ಕೊಡಬೇಕಾದದ್ದು ಯಾವುದು ಎಂದು ವಿಂಗಡಿಸಿಕೊಳ್ಳುವುದರಲ್ಲೇ ಅರ್ಧ ಕೆಲಸವಿದೆ.

1. ಪ್ರೊಫೈಲ್ ಯಾರ ಕೈಯಲ್ಲಿದೆ ನೋಡಿ

ಅಂಗಡಿಯ ‘ಗೂಗಲ್ ಬಿಸಿನೆಸ್ ಪ್ರೊಫೈಲ್’ ನಿಮ್ಮ ಇಮೇಲ್‌ನಲ್ಲಿದ್ದರೆ ಮಾತ್ರ ಮಾಲೀಕರಾಗಿ ಉತ್ತರ ಬರೆಯಬಹುದು. ಬೋರ್ಡ್ ಬರೆಸಿಕೊಟ್ಟ ಹುಡುಗನೋ ಅಳಿಯನೋ ತನ್ನ ಜಿಮೇಲ್‌ನಲ್ಲಿ ತೆರೆದುಕೊಟ್ಟು ಮರೆತಿರುವುದುಂಟು. ಮ್ಯಾಪ್‌ನಲ್ಲಿ ಅಂಗಡಿ ಹುಡುಕಿ, ‘ಕ್ಲೇಮ್ ದಿಸ್ ಬಿಸಿನೆಸ್’ ಎಂದಿದ್ದರೆ ಒತ್ತಿ. ಬೇರೆಯವರ ಕೈಯಲ್ಲಿದ್ದರೆ ‘ರಿಕ್ವೆಸ್ಟ್ ಆಕ್ಸೆಸ್’ ಕಳಿಸಿ. ಉತ್ತರಿಸಲು ಅವರಿಗೆ 3 ದಿನ ಕಾಲಾವಕಾಶ ಇರುತ್ತದೆ. ಇದಕ್ಕೆ ಗೂಗಲ್ ಒಂದು ರೂಪಾಯಿಯನ್ನೂ ಕೇಳುವುದಿಲ್ಲ.

2. ಉತ್ತರಕ್ಕೆ ಮೊದಲು ದಾಖಲೆ

ದಿನಾಂಕ, ಬರೆದವರ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಬರೆದವರು ನಾಳೆ ಅದನ್ನು ತಿದ್ದಲೂಬಹುದು. ಬಿಲ್ ಪುಸ್ತಕ, ಕೊರಿಯರ್ ರಸೀದಿ, ಲಾಡ್ಜ್ ಆದರೆ ರಿಜಿಸ್ಟರ್ ತಿರುವಿ ಹಾಕಿ. ಕೌಂಟರ್‌ನಲ್ಲಿದ್ದ ಹುಡುಗರನ್ನೂ ವಿಚಾರಿಸಿ. ರಿವ್ಯೂ ಬರೆದವರ ಹೆಸರು ಒತ್ತಿದರೆ, ಅವರು ಬಚ್ಚಿಡದಿದ್ದಲ್ಲಿ, ಬೇರೆಲ್ಲಿ ಏನು ಬರೆದಿದ್ದಾರೆಂದು ಕಾಣುತ್ತದೆ. ಒಂದೇ ದಿನ ಬೇರೆ ಬೇರೆ ರಾಜ್ಯಗಳ ಅಂಗಡಿಗಳಿಗೆಲ್ಲ ಸ್ಟಾರ್ ಹಂಚಿದ್ದರೆ ಅನುಮಾನಕ್ಕೆ ಕಾರಣವಿದೆ.

3. ಸಿಟ್ಟು ಇಳಿದ ಮೇಲೆ ಉತ್ತರ ಬರೆಯಿರಿ

ನೀವು ಉತ್ತರ ಕೊಡುವುದು ಬರೆದವರಿಗೆ ಮಾತ್ರವಲ್ಲ, ಮುಂದೆ ಅದನ್ನು ಓದಲಿರುವ ಗಿರಾಕಿಗೂ. ನಾಲ್ಕು ಸಾಲು ಸಾಕು. ಮೆಣಸಿನಕಾಯಿ ಪುಡಿಯ ದೂರಿಗೆ ಹೀಗೆ ಬರೆಯಬಹುದು:

‘ನಮಸ್ಕಾರ. ನಿಮಗೆ ಸಮಾಧಾನ ಆಗದಿದ್ದುದಕ್ಕೆ ಬೇಸರವಾಯಿತು. ನೀವು ತರಿಸಿದ್ದು ಬ್ಯಾಡಗಿ ಡಬ್ಬಿ ತಳಿ. ಇದರಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಖಾರ ಬೇಕಿದ್ದವರು ಇದರ ಜೊತೆ ಗುಂಟೂರು ಮೆಣಸಿನಕಾಯಿ ಬೆರೆಸಿಕೊಳ್ಳುತ್ತಾರೆ. ನಾವು ಬಣ್ಣ ಬೆರೆಸುವುದಿಲ್ಲ. ಬಿಲ್ ನಂಬರ್ ಸಮೇತ ಅಂಗಡಿಗೆ ಫೋನ್ ಮಾಡಿ, ಪ್ಯಾಕೆಟ್ ವಾಪಸ್ ಪಡೆಯುತ್ತೇವೆ.’

ಈ ಉತ್ತರ ಓದಿದವರಿಗೆ ಮಾಲಿನ ಗುಣವೂ ತಿಳಿಯುತ್ತದೆ, ಅಂಗಡಿಯವರ ನಡತೆಯೂ ತಿಳಿಯುತ್ತದೆ.

ಬೀಜದ ಅಂಗಡಿಯವರಿಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು. ‘ಗೋವಿನಜೋಳ ಹುಟ್ಟಿಲ್ಲ, ಮೋಸ’ ಎಂದು ರೈತರು ಬರೆದರೆ, ‘ನೀವೇ ಆಳ ಬಿತ್ತಿದ್ದೀರಿ’ ಎಂದು ವಾದಕ್ಕಿಳಿಯಬೇಡಿ. ಚೀಲದ ಲೇಬಲ್ ಮೇಲಿನ ಲಾಟ್ ನಂಬರ್, ಬಿಲ್, ಬಿತ್ತಿದ ದಿನಾಂಕ ಕೇಳಿ. ಕಂಪನಿಯವರನ್ನು ಹೊಲಕ್ಕೆ ಕರೆತರುವುದಾದರೆ ಅದನ್ನೇ ಬರೆಯಿರಿ. ರೈತ ಸಂಪರ್ಕ ಕೇಂದ್ರಕ್ಕೆ ದೂರು ಕೊಡುವ ಹಕ್ಕು ಅವರಿಗಿದೆ ಎಂಬುದನ್ನೂ ಮರೆಯಬೇಡಿ. ಹಂಗಾಮು ಕೈತಪ್ಪಿದ ರೈತರ ಸಿಟ್ಟಿನ ಮುಂದೆ ನಿಮ್ಮ ಸ್ಟಾರ್ ಚಿಕ್ಕದು.

ದೂರು ನಿಜವಾಗಿದ್ದರೆ ಒಪ್ಪಿಕೊಳ್ಳಿ. ಖಾನಾವಳಿಯಲ್ಲಿ ರೊಟ್ಟಿ ತಣ್ಣಗಿತ್ತು, ಎಣಗಾಯಿ ಉಪ್ಪಾಗಿತ್ತು ಎಂದರೆ ಏನು ಸರಿಪಡಿಸಿದಿರಿ ಎಂದು ಹೇಳಿ. ಸಮಸ್ಯೆ ಬಗೆಹರಿದ ಮೇಲೆ ರಿವ್ಯೂ ತಿದ್ದುವಂತೆ ವಿನಂತಿಸುವುದು ತಪ್ಪಲ್ಲ. ದುಡ್ಡು ಕೊಟ್ಟು ತಿದ್ದಿಸುವುದು ತಪ್ಪು.

ಗ್ರಾಹಕರ ಫೋನ್ ನಂಬರ್, ಆಸ್ಪತ್ರೆಯಾದರೆ ರೋಗಿಯ ಕಾಯಿಲೆ, ಕಿರಾಣಿ ಅಂಗಡಿಯಾದರೆ ಉದ್ರಿ ಲೆಕ್ಕ ಇವನ್ನು ಉತ್ತರದಲ್ಲಿ ಎಂದೂ ಬರೆಯಬೇಡಿ. ‘ಬಾಕಿ ಕೇಳಿದ್ದಕ್ಕೆ ಹೀಗೆ ಬರೆದಿದ್ದಾನೆ’ ಎಂಬುದು ನಿಜವೇ ಇರಬಹುದು, ಓದುವವರಿಗೆ ಅದು ಊರ ಜಗಳವಾಗಿ ಕಾಣುತ್ತದೆ.

4. ನಿಯಮ ಮುರಿದಿದ್ದರೆ ರಿಪೋರ್ಟ್ ಮಾಡಿ

ಬೈಗುಳ, ಜಾತಿ–ಧರ್ಮದ ನಿಂದನೆ, ಬೆದರಿಕೆ, ಖಾಸಗಿ ವಿವರ, ಅಂಗಡಿಗೆ ಸಂಬಂಧವೇ ಇಲ್ಲದ ಮಾತು, ಅಂಗಡಿಗೆ ಬರದೆಯೇ ಬರೆದ ಸುಳ್ಳು ಅನುಭವ, ಪ್ರತಿಸ್ಪರ್ಧಿಯೋ ಬಿಟ್ಟುಹೋದ ನೌಕರನೋ ಬರೆದದ್ದು ಇವೆಲ್ಲ ಗೂಗಲ್ ನಿಯಮಕ್ಕೆ ವಿರುದ್ಧ. ರಿವ್ಯೂ ಪಕ್ಕದ ಮೂರು ಚುಕ್ಕೆ ಒತ್ತಿ ‘ರಿಪೋರ್ಟ್ ರಿವ್ಯೂ’ ಆರಿಸಿ, ಸರಿಹೊಂದುವ ಕಾರಣ ಗುರುತು ಮಾಡಿ. ಬೈಗುಳ ಇರುವ ಕಡೆ ‘ಸ್ಪ್ಯಾಮ್’ ಎಂದು ಒತ್ತಿದರೆ ದೂರು ಬಿದ್ದುಹೋಗುವ ಸಂಭವ ಹೆಚ್ಚು.

ಪರಿಶೀಲನೆಗೆ ಕೆಲವು ದಿನ ಬೇಕು. ದೂರು ಎಲ್ಲಿಗೆ ಬಂತು ಎಂಬುದನ್ನು ಗೂಗಲ್‌ನ ರಿವ್ಯೂ ನಿರ್ವಹಣಾ ಪುಟದಲ್ಲಿ ನೋಡಬಹುದು. ‘ನಿಯಮ ಉಲ್ಲಂಘನೆ ಇಲ್ಲ’ ಎಂದು ಬಂದರೆ ಒಂದು ಸಲ ಮೇಲ್ಮನವಿಗೆ ಅವಕಾಶವಿದೆ. ನೆಂಟರಿಷ್ಟರಿಂದ ಗುಂಪುಗುಂಪಾಗಿ ರಿಪೋರ್ಟ್ ಮಾಡಿಸಿದರೆ ಕೆಲಸ ಬೇಗ ಆಗುತ್ತದೆ ಎಂಬುದು ಬರೀ ನಂಬಿಕೆ.

5. ಕಾನೂನಿನ ದಾರಿ ಕೊನೆಯದು

2021ರ ಐಟಿ ನಿಯಮಗಳ ಪ್ರಕಾರ ಇಂಥ ಜಾಲತಾಣಗಳಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು; ದೂರು ತಲುಪಿದ್ದನ್ನು 24 ಗಂಟೆಯೊಳಗೆ ಖಾತ್ರಿಪಡಿಸಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನದೊಳಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಸುಳ್ಳೆಂದು ತಿಳಿದೂ ಮರ್ಯಾದೆ ಕಳೆಯಲೆಂದೇ ಬರೆದಿದ್ದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಅಡಿ ಮಾನನಷ್ಟದ ದೂರು ಹೂಡಲು ಅವಕಾಶವಿದೆ. 2 ವರ್ಷದವರೆಗೆ ಸಾದಾ ಸೆರೆವಾಸ ವಿಧಿಸಬಹುದಾದ ಅಪರಾಧವದು. ಆದರೆ ಗ್ರಾಹಕರು ಪ್ರಾಮಾಣಿಕವಾಗಿ ಹೇಳಿದ ಅಭಿಪ್ರಾಯ ಮಾನನಷ್ಟ ಅಲ್ಲ. ವಕೀಲರ ನೋಟಿಸ್‌ನ ಫೋಟೊವನ್ನೇ ಗ್ರಾಹಕರು ಮುಂದಿನ ರಿವ್ಯೂಗೆ ಅಂಟಿಸಿದರೆ ಒಂದಿದ್ದದ್ದು ಎರಡಾಗುತ್ತದೆ. ಒಳ್ಳೆಯ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

6. ದುಡ್ಡು ಕೇಳಿದರೆ ಕೊಡಬೇಡಿ

ಒಂದೇ ರಾತ್ರಿ ಸಾಲುಸಾಲು ಒಂದು ಸ್ಟಾರ್ ಬಿದ್ದು, ಬೆಳಿಗ್ಗೆ ‘ಹಣ ಕಳಿಸಿದರೆ ತೆಗೆಯುತ್ತೇವೆ’ ಎಂದು ವಾಟ್ಸ್‌ಆ್ಯಪ್ ಬಂದರೆ ಅದು ಸುಲಿಗೆ. ಕೊಟ್ಟವರ ಹತ್ತಿರ ಮತ್ತೆ ಕೇಳುತ್ತಾರೆ. ಮೆಸೇಜ್, ನಂಬರ್, ಯುಪಿಐ ಐಡಿ ಉಳಿಸಿಕೊಂಡು ಗೂಗಲ್‌ಗೂ, ಸೈಬರ್ ಅಪರಾಧ ನೋಡಿಕೊಳ್ಳುವ ಹಾವೇರಿಯ ಸಿಇಎನ್ ಪೊಲೀಸ್ ಠಾಣೆಗೂ ದೂರು ಕೊಡಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ‘ಯಾವ ರಿವ್ಯೂ ಇದ್ದರೂ ತೆಗೆಸಿಕೊಡುತ್ತೇವೆ, ಗ್ಯಾರಂಟಿ’ ಎನ್ನುವ ಏಜೆಂಟರನ್ನೂ ನಂಬಬೇಡಿ. ನಿಮಗಿಲ್ಲದ ಅಧಿಕಾರ ಅವರಿಗೂ ಇಲ್ಲ.

ಈ ದಂಧೆಗೆ ಇನ್ನೊಂದು ಮುಖವೂ ಇದೆ. ‘ಮನೆಯಲ್ಲೇ ಕೂತು ಗೂಗಲ್ ರಿವ್ಯೂ ಬರೆಯಿರಿ, ದುಡ್ಡು ಗಳಿಸಿ’ ಎಂದು ಟೆಲಿಗ್ರಾಂನಲ್ಲಿ ಬರುವ ಪಾರ್ಟ್‌ಟೈಮ್ ಕೆಲಸ. ಮೊದಲು ನೂರಿನ್ನೂರು ರೂಪಾಯಿ ಹಾಕಿ ನಂಬಿಸಿ, ಆಮೇಲೆ ‘ಟಾಸ್ಕ್’ ಹೆಸರಿನಲ್ಲಿ ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುತ್ತಾರೆ. ಮನೆಯ ಮಕ್ಕಳಿಗೂ ಇದನ್ನು ತಿಳಿಸಿ ಹೇಳಿ.

7. ಒಳ್ಳೆಯ ಮಾತನ್ನು ಕೇಳಿ ಬರೆಸಿ

ಸಿಟ್ಟಾದವರು ತಾವಾಗಿಯೇ ಬರೆಯುತ್ತಾರೆ. ಸಂತೋಷಪಟ್ಟವರು ಕೇಳಿದರಷ್ಟೇ ಬರೆಯುತ್ತಾರೆ. ರಿವ್ಯೂ ಬರೆಯುವ ಪುಟದ ಕ್ಯೂಆರ್ ಕೋಡ್ ಮುದ್ರಿಸಿ ಗಲ್ಲಾದ ಹತ್ತಿರ ಇಡಿ. ಆದರೆ ‘ಐದು ಸ್ಟಾರ್ ಕೊಟ್ಟರೆ ಚಹಾ ಫ್ರೀ’ ಎನ್ನುವಂತಿಲ್ಲ. ರಿಯಾಯಿತಿಯ ಆಸೆ ತೋರಿಸಿ ಬರೆಸುವುದು ಗೂಗಲ್ ನಿಯಮಕ್ಕೆ ವಿರುದ್ಧ. ಮನೆಯವರು, ನೌಕರರಿಂದ ಬರೆಸುವುದೂ ಹಾಗೆಯೇ. ಸಿಕ್ಕಿಬಿದ್ದರೆ ಇದ್ದ ಒಳ್ಳೆಯ ರಿವ್ಯೂಗಳೂ ಮಾಯವಾಗಬಹುದು. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ತಂದ ಐಎಸ್ 19000 ಮಾನದಂಡವೂ ಹಣಕ್ಕೆ ಬರೆಸಿದ ರಿವ್ಯೂಗಳನ್ನು ತಡೆಯಲೆಂದೇ ಬಂದದ್ದು.

ತಿಂಗಳಿಗೊಮ್ಮೆ ಎಲ್ಲ ರಿವ್ಯೂ ಓದುವ ರೂಢಿ ಇಟ್ಟುಕೊಳ್ಳಿ. ಒಂದೇ ದೂರು ಮೂರು ಜನರಿಂದ ಬಂದಿದ್ದರೆ ಅದನ್ನು ತೆಗೆಸಲು ಹೋಗಬೇಡಿ, ಅಂಗಡಿಯೊಳಗೆ ಸರಿಪಡಿಸಿ.